ಎನ್ವಿರಾನ್‌ಮೆಂಟಲ್ ಎಂ.ಟೆಕ್ ಸೀಟು ಸಿಕ್ಕಿದೆ, ಸೇರಲಾ ಬೇಡವಾ? ಓದಿದವರು ಹೇಳಿ

ಕೋಲಾರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಈ ವರ್ಷ ಬಿ.ಇ. ಸಿವಿಲ್ ಮುಗಿಸಿದೆ. ಪಿಜಿಸಿಇಟಿ ಕೌನ್ಸೆಲಿಂಗಲ್ಲಿ ಎರಡು ದಾರಿ ಕಾಣ್ತಿದೆ. ಒಂದು, ಖಾಸಗಿ ಕಾಲೇಜಲ್ಲಿ ಸ್ಟ್ರಕ್ಚರ್ಸ್. ಇನ್ನೊಂದು, ವಿಶ್ವವಿದ್ಯಾಲಯದ ವಿಭಾಗದಲ್ಲಿ ಎನ್ವಿರಾನ್‌ಮೆಂಟಲ್. ಫೀಸು ಎರಡನೇದರಲ್ಲಿ ಕಡಿಮೆ. ನಮ್ಮ ಮಾವ ಕಂಟ್ರಾಕ್ಟರು. "ಕಕ್ಕಸ್ ನೀರು ನೋಡೋಕೆ ಎಂ.ಟೆಕ್ ಬೇರೆ ಬೇಕೇನಮ್ಮ" ಅಂತ ಊಟಕ್ಕೆ ಕೂತವರೆಲ್ಲರ ಮುಂದೆ ನಕ್ಕುಬಿಟ್ಟರು. ಅಪ್ಪ ಏನೂ ಹೇಳಲಿಲ್ಲ. ನಮ್ಮ ಕಡೆ ಕೆರೆಗಳಿಗೆ ಈಗ ಬರ್ತಿರೋದು ಬೆಂಗಳೂರಲ್ಲಿ ಶುದ್ಧೀಕರಿಸಿದ ಕೊಳಚೆ ನೀರೇ ಅಲ್ವಾ, ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆದು. ಬೋರ್‌ವೆಲ್ಲಲ್ಲಿ ನೀರು ಮೇಲೆ ಬಂದಿದೆ ಅಂತ ಅಪ್ಪನಿಗೆ ಖುಷಿ. ಆ ನೀರಲ್ಲಿ ಏನಿದೆ ಅಂತ ಮಾತ್ರ ಯಾರನ್ನ ಕೇಳಿದ್ರೂ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನನಗೆ ಈ ವಿಷಯದ ಮೇಲೆ ಆಸೆ ಹುಟ್ಟಿದ್ದೇ ಅಲ್ಲಿಂದ. ಆ ವಿಭಾಗದಲ್ಲಿ ದಿನ ಹೇಗಿರುತ್ತೆ? ಎರಡು ವರ್ಷದಲ್ಲಿ ಏನು ಸಾಧಿಸಿದೆ ಅಂತ ಹೇಳಿಕೊಳ್ಳಬಹುದು? ಗುರುವಾರದೊಳಗೆ ನಿರ್ಧಾರ ಮಾಡ್ಬೇಕು.

ಬಿಒಡಿ ಬಾಟಲಿ:
ನಾನು ಮೈಸೂರು ಕಡೆ ಓದಿದವಳು. ಈಗ ಬೆಂಗಳೂರಲ್ಲಿ ಎಸ್‌ಟಿಪಿ, ಅಂದ್ರೆ ಕೊಳಚೆ ನೀರು ಶುದ್ಧೀಕರಿಸೋ ಘಟಕಗಳ ಡಿಸೈನ್ ಮಾಡ್ತೀನಿ. ಉದ್ದ ಬರೀತೀನಿ, ಬೇಜಾರಾದ್ರೆ ಬಿಟ್ಟುಬಿಡಿ.

ಮೊದಲು ಕ್ಯಾಲೆಂಡರ್ ವಿಷಯ. ಈ ವಿಭಾಗದಲ್ಲಿ ನಿಮ್ಮ ವಾರವನ್ನ ನಿರ್ಧರಿಸೋದು ಟೈಮ್‌ಟೇಬಲ್ ಅಲ್ಲ, ಬಿಒಡಿ ಬಾಟಲಿ. ನೀರಲ್ಲಿರೋ ಕೊಳೆಯನ್ನ ಬ್ಯಾಕ್ಟೀರಿಯಾ ತಿನ್ನೋಕೆ ಎಷ್ಟು ಆಮ್ಲಜನಕ ಬೇಕು ಅಂತ ಅಳೆಯೋ ಪರೀಕ್ಷೆ ಅದು. ಇಂಗ್ಲೆಂಡಿನಿಂದ ಬಂದ ಪದ್ಧತಿಯಲ್ಲಿ 20 ಡಿಗ್ರಿಯಲ್ಲಿ 5 ದಿನ ಇಡ್ತಾರೆ. ನಮ್ಮ ಸೆಕೆಗೆ ತಕ್ಕ ಹಾಗೆ 27 ಡಿಗ್ರಿಯಲ್ಲಿ 3 ದಿನ. ಅಂದ್ರೆ ಗುರುವಾರ ಬಾಟಲಿ ಇಟ್ಟರೆ ಭಾನುವಾರ ತೆಗೀಬೇಕು. ನಮ್ಮ ಸೀನಿಯರ್ಸ್ ಯಾರೂ ಗುರುವಾರ ಇಡ್ತಿರಲಿಲ್ಲ, ಯಾಕೆ ಅಂತ ಹೇಳಲೂ ಇಲ್ಲ. ನಾನು ಸೇರಿದ ಮೂರನೇ ವಾರ ಬಹಳ ಹುರುಪಲ್ಲಿ ಗುರುವಾರ ಹನ್ನೆರಡು ಬಾಟಲಿ ಇಟ್ಟೆ. ಭಾನುವಾರ ಚಿಕ್ಕಮ್ಮನ ಮಗಳ ಮದುವೆ. ಧಾರೆ ಸೀರೆ ಉಟ್ಟವಳು ಅವಳು, ಕೊರಳಿಗೆ ಕನ್ನಡಕ ಜೋತುಬಿಟ್ಟುಕೊಂಡು ಬ್ಯೂರೆಟ್ ನೋಡ್ತಾ ನಿಂತವಳು ನಾನು.

300 ಮಿಲಿ ಬಾಟಲಿಗೆ ಎಷ್ಟು ಕೊಳಚೆ ನೀರು ಹಾಕಬೇಕು ಅನ್ನೋದೇ ಒಂದು ಅಂದಾಜಿನ ವಿದ್ಯೆ. ಜಾಸ್ತಿ ಹಾಕಿದ್ರೆ ಮೂರನೇ ದಿನಕ್ಕೆ ಆಮ್ಲಜನಕ ಪೂರ್ತಿ ಖಾಲಿ, ಲೆಕ್ಕ ಸಿಗಲ್ಲ. ಕಡಿಮೆ ಹಾಕಿದ್ರೆ ವ್ಯತ್ಯಾಸವೇ ಕಾಣಲ್ಲ. ಮನೆಗಳ ಚರಂಡಿ ನೀರಾದ್ರೆ ಮೂರೋ ಆರೋ ಮಿಲಿ ಸಾಕು. ಇದು ಕೈಗೆ ಹತ್ತೋಕೆ ನನಗೆ ಒಂದು ಸೆಮಿಸ್ಟರ್ ಬೇಕಾಯ್ತು. ಒಂದು ಸಲ ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ಬಿಸಿಯಾಗಿ ಇಡೀ ಸೆಟ್ಟು ಹಾಳು. ಬೆಳಿಗ್ಗೆ ಸಿಂಕಿಗೆ ಸುರಿದು, ಮತ್ತೆ ಬಸ್ ಹತ್ತಿ ಪ್ಲಾಂಟಿಗೆ. ಐಸ್ ತುಂಬಿದ ಥರ್ಮೋಕೋಲ್ ಡಬ್ಬಿ ಮಡಿಲಲ್ಲಿಟ್ಕೊಂಡು ವಾಪಸ್ ಬರೋವಾಗ ಕಂಡಕ್ಟರ್ "ಏನಮ್ಮ, ಮೀನಾ?" ಅಂದ್ರು. "ಅಲ್ಲ ಸರ್, ಯುಜಿಡಿ ನೀರು, ಒಳಚರಂಡಿದು" ಅಂದೆ. ಪಕ್ಕದ ಸೀಟಿನವರು ಎದ್ದು ಹಿಂದೆ ಹೋದರು, ನನಗೆ ಆರಾಮಾಗಿ ಜಾಗ ಸಿಕ್ತು.

ಸಾಧನೆ ಅಂದ್ರಲ್ಲ, ಅದಕ್ಕೆ ಬರ್ತೀನಿ. ನನ್ನ ಥೀಸಿಸ್ ಸಾಧಾರಣ. ಅದನ್ನ ಯಾರೂ ಓದಿಲ್ಲ, ಓದಬೇಕಾಗೂ ಇಲ್ಲ. ಆದರೆ ಎರಡನೇ ವರ್ಷ ಹಾಸ್ಟೆಲಲ್ಲಿ ಒಂದೇ ಬ್ಲಾಕಿನ ಹುಡುಗಿಯರಿಗೆ ಪದೇ ಪದೇ ಹೊಟ್ಟೆ ಕೆಡೋದು. ಮೆಸ್ ಭಟ್ಟರಿಗೆ ಎಲ್ಲರೂ ಬೈದಿದ್ದೇ ಬೈದಿದ್ದು. ನಾವು ಮೂವರು ಕಿಟ್ ತಗೊಂಡು ಹೋಗಿ ಪ್ರತಿ ನಲ್ಲಿಯ ಕ್ಲೋರಿನ್ ನೋಡಿದ್ವಿ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಆ ಬ್ಲಾಕಲ್ಲಿ ಸೊನ್ನೆ. ದಿನಾ ಬ್ಲೀಚಿಂಗ್ ಪೌಡರ್ ಹಾಕ್ತೀವಿ ಅಂತ ವಾಚ್‌ಮನ್ ಆಣೆ ಇಟ್ಟರು, ಅದು ನಿಜವೇ ಆಗಿತ್ತು. ಸ್ಟೋರಲ್ಲಿ ನೋಡಿದ್ರೆ ಚೀಲದ ಬಾಯಿ ತೆರೆದು ತಿಂಗಳುಗಳೇ ಆಗಿವೆ. ತೆರೆದಿಟ್ಟ ಬ್ಲೀಚಿಂಗ್ ಪೌಡರಲ್ಲಿ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣದಂಥ ಪುಡಿ ಉಳಿಯುತ್ತೆ. ಹೊಸ ಚೀಲ, ತೊಳೆದ ಟ್ಯಾಂಕು, ಮುಗೀತು. ಭಟ್ಟರು ನಮಗೆ ಒಂದು ವಾರ ಎಕ್ಸ್‌ಟ್ರಾ ತುಪ್ಪ ಹಾಕಿದ್ರು. ಇದು ನನ್ನ ರೆಸ್ಯೂಮೆಯಲ್ಲಿ ಇಲ್ಲ.

ಎಲ್ರೂ ಬಾಟಲಿ ಕಥೆ:
ಬಾಟಲಿ, ತುಪ್ಪ ಎಲ್ಲ ಸರಿ ಮೇಡಂ. ಸಂಬಳದ ಮಾತು ಯಾರು ಆಡ್ತಾರೆ? ನಾನೂ ಇದೇ ಓದಿದವನು. ಕನ್ಸಲ್ಟೆನ್ಸಿಯಲ್ಲಿ ಮೊದಲ ಸಂಬಳ 14,000. ಕೆಲಸ ಅಂದ್ರೆ ಹಳೇ ವರದಿಯಲ್ಲಿ ಊರಿನ ಹೆಸರು ಬದಲಾಯಿಸೋದು. ಒಂದ್ಸಲ ಕರಾವಳಿಯ ಯೋಜನೆಯ ವರದಿಯಲ್ಲಿ ಕಲಬುರಗಿ ಮರಗಳ ಪಟ್ಟಿ ಉಳಿದುಬಿಟ್ಟಿತ್ತು, ಯಾರೂ ಗಮನಿಸಲಿಲ್ಲ.

ಆಮೇಲೆ ಒಂದು ಕಟ್ಟಡದ ಎಸ್‌ಟಿಪಿ ನೀರು ಬಂತು. ಮಿತಿ 10, ನನಗೆ ಬಿಒಡಿ ಬಂದಿದ್ದು 38. ಎರಡು ಸಲ ಮಾಡಿದೆ, ಅದೇ ಬಂತು. ಬಾಸ್ ಕರೆದು ನಗ್ತಾನೇ ಹೇಳಿದ್ರು: "ಮೂರು ತೆಗೆದುಬಿಡು, ಎಂಟು ಇರಲಿ." ಸಹಿ ನನ್ನದು. ನಾನು ಎಂಟೇ ಬರೆದೆ, ಸುಳ್ಳು ಯಾಕೆ ಹೇಳಲಿ. ಅಪ್ಪನ ಆಪರೇಷನ್ ಇತ್ತು ಆ ತಿಂಗಳು. ಮರುವರ್ಷ ಸಾಫ್ಟ್‌ವೇರ್ ಟೆಸ್ಟಿಂಗಿಗೆ ಹೋದೆ. ತಂಗಿ, ಸೇರಬೇಡ ಅಂತ ಹೇಳ್ತಿಲ್ಲ. ಆ ಎರಡು ವರ್ಷದಲ್ಲಿ ನಿನಗೆ ಕಲಿಸೋದು 38 ಅಂತ ಕಂಡುಹಿಡಿಯೋದನ್ನ. ಅದನ್ನ ಬರೆಯೋ ಹೊತ್ತಿಗೆ ನೀನು ಒಬ್ಬಳೇ ಇರ್ತೀಯ.

ಬಿಒಡಿ ಬಾಟಲಿ:
ಸಂಬಳದ ವಿಷಯ ಒಪ್ಪಿದೆ. ನನಗೂ ಮೊದಲ ಮೂರು ವರ್ಷ ಪಿಜಿ ಬಾಡಿಗೆ ಕಳೆದ್ರೆ ಏನೂ ಉಳೀತಿರಲಿಲ್ಲ. ಮೂರರ ಕಥೆ ಓದಿ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ನಮ್ಮಲ್ಲೂ ಆಗುತ್ತೆ.

ಧಾರವಾಡದಾಕಿ:
ತಂಗಿ, ನಾ ಪಿಎಚ್‌ಡಿ ನಾಕನೇ ವರ್ಷದಾಗ ಇದೀನಿ. ಬೋರ್‌ವೆಲ್ ನೀರಾಗ ಫ್ಲೋರೈಡ್ ನೋಡೂದು ನನ್ನ ಕೆಲಸ. ಕುಡಿಯೂ ನೀರಾಗ ಲೀಟರಿಗೆ 1 ಮಿಲಿಗ್ರಾಂ ತನಕ ಇರಬಹುದು, ಬ್ಯಾರೆ ನೀರ ಸಿಗೂದ ಇಲ್ಲಂದ್ರ 1.5. ಅದರ ಮ್ಯಾಲ ಹೋತಂದ್ರ ಹುಡುಗೂರ ಹಲ್ಲ ಕಂದ ಆಗ್ತಾವ, ವಯಸ್ಸಾದಂಗ ಬೆನ್ನ ಬಗ್ಗತದ. ಬಣ್ಣ ಇಲ್ಲ, ವಾಸನಿ ಇಲ್ಲ, ರುಚಿ ಇಲ್ಲ, ಹಿಂಗಾಗಿ ಮಂದಿ ನಂಬೂದಿಲ್ಲ.

ಒಂದ ಊರಾಗ ಒಬ್ಬ ಅಜ್ಜಿ ನನ್ನ ಕೈ ಹಿಡದ "ನಾ ದಿನಾ ಕುದಿಸಿ ಕುಡೀತೀನವಾ, ನನಗೇನ ಆಗೂದಿಲ್ಲ" ಅಂದಳು. ಕುದಿಸಿದ್ರ ನೀರ ಆವಿ ಆಗಿ ಹೋಗತದ, ಫ್ಲೋರೈಡ್ ಅಲ್ಲೇ ಉಳೀತದ, ಇನ್ನೂ ಗಟ್ಟಿ ಆಗತದ. ಇಷ್ಟ ಮಾತ ಆಕಿಗೆ ತಿಳಿಯೂ ಹಂಗ ಹೇಳಲಿಕ್ಕೆ ನನಗ ಬರಲಿಲ್ಲ. ಕಾನ್ಫರೆನ್ಸ್‌ನ್ಯಾಗ ಇಪ್ಪತ್ತ ಸ್ಲೈಡ್ ಇಟ್ಟ ಮಾತಾಡಿದಾಕಿ, ಅಜ್ಜಿ ಮುಂದ ಬಾಯಿ ಒಣಗಿತು. ಕಡೀಕ ಸಾರಿನ ಉದಾಹರಣಿ ಕೊಟ್ಟೆ: "ಸಾರ ಕುದಿಸಿದ್ರ ಉಪ್ಪ ಕಡಿಮಿ ಆಗತದೇನ್ ಅಜ್ಜಿ, ಜಾಸ್ತಿ ಆಗತದೋ?" ಆಕಿ ಸುಮ್ಮನ ಕೂತ, ಆಮ್ಯಾಲ ಮೊಮ್ಮಗನ ಕರದ ಹಲ್ಲ ತೋರ್ಸು ಅಂದಳು.

ನಾಗಪುರದ ನೀರಿ, ಅಂದ್ರ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ಮಾಡಿದ, ಫ್ಲೋರೈಡ್ ತೆಗಿಯೂ ನಲ್ಗೊಂಡ ಪದ್ಧತಿ ಅದ, ಪಟಿಕ ಸುಣ್ಣ ಹಾಕಿ ಕಲಸಿ ತಿಳಿ ಇಳಿಸೂದು. ಮನಿಯಾಗ ದಿನಾ ಮಾಡೂ ಹೆಣ್ಣಮಗಳಿಗೆ ಕೇಳ್ರಿ ಅದರ ಕಷ್ಟ: ಅಳತಿ ತಪ್ಪಬಾರದು, ತಳದ ಗಸಿ ಎಲ್ಲಿ ಚೆಲ್ಲಬೇಕು? ಪೇಪರಿನ್ಯಾಗ ಇದು ಬರೂದಿಲ್ಲ.

ರೊಕ್ಕದ ಮಾತ: ಪಿಎಚ್‌ಡಿ ಮಾಡೂ ಮಂದಿಗೆ ಸಿಗೂ ಜೆಆರ್‌ಎಫ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ಆಗೇದ, ಎರಡ ವರ್ಷದ ಮ್ಯಾಲ 42,000. ಕಾಗದದ ಮ್ಯಾಲ. ನನಗ ಒಮ್ಮೆ ಆರ ತಿಂಗಳ ಬರಲಿಲ್ಲ, ಅಣ್ಣನ ಹತ್ರ ಕೈ ಚಾಚಿದೆ. ಎಂ.ಟೆಕ್‌ಗೆ ಬರಾಕಿಗೆ ಇದರ ಚಿಂತಿ ಈಗ ಬ್ಯಾಡ.

ಪ್ಲಾಂಟ್ ಆಪರೇಟರ್:
ಮೇಡಂ ನಾನು ಎಸ್ಸೆಸ್ಸೆಲ್ಸಿ ಫೇಲು. ಅಪಾರ್ಟ್‌ಮೆಂಟ್ ಎಸ್‌ಟಿಪಿ ನಡೆಸೋದು, ಹತ್ತೊಂಬತ್ತು ವರ್ಷ ಆಯ್ತು. ನಿಮ್ಮಂಗೆ ಓದಿದವ್ರು ಬರ್ತಾರೆ, ಮೂಗು ಮುಚ್ಕೊಂಡು ಪ್ಯಾನೆಲ್ ಬೋರ್ಡ್ ಫೋಟೋ ತೆಗೆದು ಹೋಗ್ತಾರೆ. ಒಬ್ಬ ಹುಡುಗಿ ಮಾತ್ರ ಎರಡು ತಿಂಗಳು ದಿನಾ ಬಂದ್ಲು. ಲೀಟರ್ ಜಾರಲ್ಲಿ ಏರೇಷನ್ ಟ್ಯಾಂಕ್ (ಗಾಳಿ ಊದೋ ಟ್ಯಾಂಕ್) ನೀರು ಹಿಡಿದು ಅರ್ಧ ಗಂಟೆ ಬಿಡ್ಬೇಕು, ಕೆಸರು ಎಷ್ಟು ಕೂತಿದೆ ನೋಡ್ಬೇಕು. ಚಾಕ್ಲೇಟ್ ಬಣ್ಣ ಇದ್ರೆ, ಮಳೆ ಬಿದ್ದ ಮಣ್ಣಿನ ವಾಸನೆ ಬಂದ್ರೆ ಪ್ಲಾಂಟ್ ಚೆನ್ನಾಗಿದೆ. ಕಪ್ಪಗಾಗಿ ಕೊಳೆತ ವಾಸನೆ ಬಂದ್ರೆ ಗಾಳಿ ಸಾಲ್ತಿಲ್ಲ. ನಾನು ನೋಡಿ ಹೇಳ್ತಿದ್ದೆ, ಆಕೆ ಲ್ಯಾಬಲ್ಲಿ ಅಳೆದು ಬಂದು ಹೌದಣ್ಣ ಅಂತಿದ್ಲು. ಅಸೋಸಿಯೇಷನ್‌ನವ್ರು ಕರೆಂಟ್ ಬಿಲ್ ಅಂತ ರಾತ್ರಿ ಗಾಳಿ ಊದೋ ಬ್ಲೋವರ್ ಆಫ್ ಮಾಡಿಸೋರು. ಆ ಹುಡುಗಿ ಬೆಳಿಗ್ಗೆದೊಂದು ರಾತ್ರಿದೊಂದು ರಿಪೋರ್ಟ್ ಪಕ್ಕಪಕ್ಕ ಇಟ್ಟು ಮೀಟಿಂಗಲ್ಲಿ ತೋರಿಸಿದ್ಲು. ಅವತ್ತಿಂದ ಆಫ್ ಮಾಡ್ಸಿಲ್ಲ. ನಾನು ಹದಿನೈದು ವರ್ಷದಿಂದ ಅದೇ ಹೇಳ್ತಿದ್ದೆ, ಯಾರು ಕೇಳಿದ್ರು?

ಇನ್ನೊಂದು ಮಾತು, ಇದನ್ನ ಮರೀಬೇಡಿ. ಟ್ಯಾಂಕೊಳಗೆ, ಮ್ಯಾನ್‌ಹೋಲೊಳಗೆ ಯಾರೇ ಹೇಳಿದ್ರೂ ಇಳೀಬೇಡಿ, ಬೇರೆಯವ್ರನ್ನ ಇಳಿಸ್ಲೂ ಬೇಡಿ. ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತೆ. ಗ್ಯಾಸ್ ಜಾಸ್ತಿ ಆದಾಗ ಮೂಗು ಸತ್ತೋಗುತ್ತೆ, ವಾಸನೆನೇ ಗೊತ್ತಾಗಲ್ಲ. ವಾಸನೆ ಹೋಯ್ತು ಅಂತ ಇಳಿದೋರು ಮೇಲೆ ಬಂದಿಲ್ಲ. 2013ರಲ್ಲಿ ಕಾನೂನೇ ಬಂದಿದೆ, ಆದ್ರೂ ಇಳಿಸ್ತಾರೆ.

ನಿವೃತ್ತ ಮೇಷ್ಟ್ರು:
ಮಗು, ನಾನು ಇಂಥದೇ ಒಂದು ವಿಭಾಗದಲ್ಲಿ ಪಾಠ ಮಾಡಿ ನಿವೃತ್ತನಾದವನು. ನಮ್ಮ ಕಾಲದಲ್ಲಿ ಇದಕ್ಕೆ ಪಬ್ಲಿಕ್ ಹೆಲ್ತ್ ಇಂಜಿನಿಯರಿಂಗ್ ಎಂದೇ ಹೆಸರು. ಮೇಲೆ ಬಂದ ನೀರಿ ಕೂಡ 1958ರಲ್ಲಿ ಆ ಹೆಸರಿನಲ್ಲೇ ಶುರುವಾದದ್ದು. 1974ರಲ್ಲಿ ಹೆಸರು ಬದಲಾಯಿತು, ಜಲಮಾಲಿನ್ಯ ಕಾಯ್ದೆ ಬಂದದ್ದೂ ಅದೇ ವರ್ಷ. ಗೇಟ್ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಬೇರೆ ಪತ್ರಿಕೆ ಸಿಕ್ಕಿದ್ದು 2021ರಲ್ಲಿ. ಅಲ್ಲಿಯವರೆಗೆ ಸಿವಿಲ್ ಮನೆಯ ಹಿತ್ತಲಲ್ಲೇ ಇದ್ದೆವು. ಬೆಳ್ಳಂದೂರು ಕೆರೆ 2015ರಲ್ಲಿ ನೊರೆಯೆದ್ದು ಹೊತ್ತಿಕೊಂಡಾಗ ಟೀವಿಯವರು ಫೋನ್ ಮಾಡಿ "ಸರ್, ನೀರಿಗೆ ಬೆಂಕಿ ಹೇಗೆ, ಒಂದೇ ವಾಕ್ಯದಲ್ಲಿ ಹೇಳಿ" ಎನ್ನುತ್ತಿದ್ದರು. ಒಂದು ವಾಕ್ಯದಲ್ಲಿ ಹೇಳಲಾಗದ್ದಕ್ಕೇ ಅಲ್ಲವೇ ವಿಭಾಗ ಇರುವುದು.

ನೀನು ಕೋಲಾರದವಳು ಎಂದೆ. ಕೆ.ಸಿ. ವ್ಯಾಲಿ ಯೋಜನೆಯ ಗಾತ್ರ ದಿನಕ್ಕೆ 440 ದಶಲಕ್ಷ ಲೀಟರ್. ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು ಅದು. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ವಿಷಯ ಹೈಕೋರ್ಟಿನವರೆಗೆ ಹೋಯಿತು. ಅಂತರ್ಜಲ ಏರಿದ್ದೂ ನಿಜ, ಇನ್ನಷ್ಟು ಶುದ್ಧಗೊಳಿಸುವ ಮೂರನೇ ಹಂತ ಬೇಕೆಂಬ ಬೇಡಿಕೆಯೂ ನ್ಯಾಯವಾದದ್ದೇ. ನಿಮ್ಮ ತಂದೆಯ ಖುಷಿಯನ್ನೂ ನಿನ್ನ ಅನುಮಾನವನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಾದರೆ ಈ ಓದು ನಿನಗೆ ಒಗ್ಗುತ್ತದೆ.

ಸೇರುವ ಮುಂಚೆ ಒಂದು ಕೆಲಸ ಮಾಡು. ಯಾರಿಗೂ ತಿಳಿಸದೆ ಒಂದು ಮಾಮೂಲಿ ದಿನ ಆ ವಿಭಾಗಕ್ಕೆ ಹೋಗು. ಸೆಮಿನಾರ್ ಹಾಲ್, ಫೋಟೋ ಹಾಕಿದ ಗೋಡೆ ನೋಡಬೇಡ. ಲ್ಯಾಬಿಗೆ ಹೋಗಿ ಥಯೋಸಲ್ಫೇಟ್ ಬಾಟಲಿ ತೋರಿಸಿ ಎಂದು ಕೇಳು. ಬಿಒಡಿ ಪರೀಕ್ಷೆಯಲ್ಲಿ ಆಮ್ಲಜನಕ ಅಳೆಯಲು ಬಳಸುವ ಆ ದ್ರಾವಣದ ಬಲ ದಿನ ಕಳೆದಂತೆ ಬದಲಾಗುತ್ತದೆ, ಆಗಾಗ ಡೈಕ್ರೋಮೇಟ್ ಎಂಬ ಇನ್ನೊಂದು ರಾಸಾಯನಿಕದಿಂದ ಸರಿನೋಡಬೇಕು. ಬಾಟಲಿಯ ಮೇಲಿನ ಚೀಟಿಯಲ್ಲಿ ಈ ತಿಂಗಳ ತಾರೀಖು ಇದ್ದರೆ ಅಲ್ಲಿ ಯಾರೋ ಕೆಲಸ ಮಾಡುತ್ತಿದ್ದಾರೆ. ಚೀಟಿಯೇ ಇಲ್ಲದಿದ್ದರೆ ಸ್ಟ್ರಕ್ಚರ್ಸ್‌ಗೆ ಸೇರು, ಕಾಂಕ್ರೀಟಾದರೂ ಗಟ್ಟಿ ಇರುತ್ತದೆ.

ಎಲ್ರೂ ಬಾಟಲಿ ಕಥೆ:
ಸರ್, ನಮ್ಮ ಲ್ಯಾಬಲ್ಲಿ ಚೀಟಿ ಇತ್ತು. ತಾರೀಖೂ ಇತ್ತು.

ನಿವೃತ್ತ ಮೇಷ್ಟ್ರು:
ನಿಮ್ಮ ಬರಹ ಓದಿದೆ. ನಿಮ್ಮ ಕೈಲಿ 38 ಬಂತಲ್ಲ, ಅದು ಆ ಚೀಟಿಯಿಂದಲೇ. ಮುಂದಿನದಕ್ಕೆ ನಾವು ಕ್ಲಾಸಲ್ಲಿ ಏನೂ ಕಲಿಸಲಿಲ್ಲ, ಅದು ನಮ್ಮ ತಪ್ಪು.

ಕೋಲಾರದ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿದ್ದೆ. ಇರಲಿ ಅಂತ ನಮ್ಮೂರ ಕೆರೆ ನೀರನ್ನ ಒಂದು ಹಳೇ ಜ್ಯೂಸ್ ಬಾಟಲಿಯಲ್ಲಿ ತುಂಬಿಕೊಂಡು ಹೋದೆ. ಲ್ಯಾಬಲ್ಲಿ ಒಬ್ಬ ಅಕ್ಕ ಇದ್ದರು, ಪಿಎಚ್‌ಡಿ ಮಾಡ್ತಿದ್ದಾರಂತೆ. ಥಯೋಸಲ್ಫೇಟ್ ತೋರಿಸಿ ಅಂದೆ. ವಿಚಿತ್ರವಾಗಿ ನೋಡಿ, ತೋರಿಸಿದ್ರು. ಚೀಟಿ ಇತ್ತು, ಕಳೆದ ಸೋಮವಾರದ್ದು, ಕೆಳಗೆ ಯಾರದ್ದೋ ಇನಿಷಿಯಲ್. ಆಮೇಲೆ ನನ್ನ ಬಾಟಲಿ ಕೊಟ್ಟೆ. ಮೂಸಿ ನೋಡಿ "ಮಾವಿನಹಣ್ಣಿನ ಕೆರೆನಾ ಇದು?" ಅಂತ ನಕ್ಕರು. ಯಾವಾಗ ತುಂಬಿದ್ದು, ಐಸಲ್ಲಿ ಇಟ್ಟಿದ್ಯಾ, ಕೆರೆಯ ಯಾವ ಕಡೆ, ಎಷ್ಟು ಆಳ ಅಂತೆಲ್ಲ ಕೇಳಿದ್ರು. ಒಂದಕ್ಕೂ ನನ್ನ ಹತ್ರ ಉತ್ತರ ಇರಲಿಲ್ಲ. ಸಿಂಕಿಗೆ ಸುರಿದುಬಿಟ್ಟರು. ಎರಡು ಗಾಜಿನ ಬಾಟಲಿ ಕೊಟ್ಟು, ಸೋಮವಾರ ಬೆಳಿಗ್ಗೆ ಸರಿಯಾಗಿ ತುಂಬ್ಕೊಂಡು ಬಾ, ಸೀಟು ತಗೊಂಡ್ರೂ ಸರಿ ಬಿಟ್ರೂ ಸರಿ, ಮಾಡಿ ನೋಡೋಣ ಅಂದ್ರು. ಮಾವನಿಗೆ ಇನ್ನೂ ಹೇಳಿಲ್ಲ. ಕೆರೆಗೆ ಅಪ್ಪ ಬರ್ತೀನಿ ಅಂದಿದಾರೆ.

ಐಸ್ ಹಾಕೋಕೆ ಡಬ್ಬಿ ಎಲ್ಲಿ ಸಿಗುತ್ತೆ, ಯಾರಿಗಾದ್ರೂ ಗೊತ್ತಾ?

ಬಿಒಡಿ ಬಾಟಲಿ:
ಮೀನು ಮಾರ್ಕೆಟ್ಟಲ್ಲಿ ಥರ್ಮೋಕೋಲ್ ಡಬ್ಬಿ ಕೇಳಿ, ಕೊಡ್ತಾರೆ. ಚೆನ್ನಾಗಿ ತೊಳೀರಿ.