ಕೆನಡಾದಲ್ಲಿ ಮಾನವೀಯ ಆಧಾರದ ಪಿಆರ್ (ಕಾಯಂ ವಾಸದ ಅನುಮತಿ): ಅರ್ಜಿ ಹಾಕಿದರೆ ಸಾಕೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ದಾವಣಗೆರೆಯವರಾದ ನಾವು 2017ರಲ್ಲಿ ವರ್ಕ್ ಪರ್ಮಿಟ್ ಮೇಲೆ ಬ್ರಾಂಪ್ಟನ್‌ಗೆ ಬಂದೆವು. ಪರ್ಮಿಟ್ ಮುಗಿದು ಎರಡು ವರ್ಷವಾಯಿತು. ಇಲ್ಲಿಯೇ ಹುಟ್ಟಿದ ಆರು ವರ್ಷದ ಮಗಳಿಗೆ ಮಾತು ತಡವಾಗಿದ್ದು, ವಾರಕ್ಕೊಮ್ಮೆ ಸ್ಪೀಚ್ ಥೆರಪಿ ನಡೆಯುತ್ತಿದೆ. ಮಾನವೀಯ ಆಧಾರದ ಮೇಲೆ ಪಿಆರ್‌ಗೆ ಅರ್ಜಿ ಹಾಕಿಬಿಟ್ಟರೆ ಯಾರೂ ವಾಪಸು ಕಳುಹಿಸಲಾರರು, ವರ್ಕ್ ಪರ್ಮಿಟ್ಟೂ ತಾನಾಗಿ ಬರುತ್ತದೆ ಎಂದು ಏಜೆಂಟರೊಬ್ಬರು ಮುಂಗಡ ಕೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ಎರಡೂ ಸುಳ್ಳು, ಮುಂಗಡ ಕೊಡಬೇಡಿ. ವಲಸೆ ಕಾಯ್ದೆಯ 25ನೇ ಸೆಕ್ಷನ್ನಿನಡಿ ಹಾಕುವ ಈ ಅರ್ಜಿ ಬಾಕಿಯಿದ್ದರೂ ಗಡೀಪಾರು ಆದೇಶ ಜಾರಿಯಾಗಬಹುದು, ಮತ್ತು ಮೊದಲ ಹಂತದಲ್ಲಿ ತಾತ್ವಿಕ ಒಪ್ಪಿಗೆ ದೊರೆತ ಬಳಿಕವೇ ವರ್ಕ್ ಪರ್ಮಿಟ್ ಕೇಳಲು ದಾರಿಯಾಗುತ್ತದೆ.

ನಿಮ್ಮ ಪ್ರಕರಣದ ಜೀವಾಳ ಮಗಳು. ಜಮೈಕಾದಿಂದ ಬಂದು ಮನೆಗೆಲಸ ಮಾಡುತ್ತಿದ್ದ ಮೇವಿಸ್ ಬೇಕರ್ ಅವರ 1999ರ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟು, ಮಕ್ಕಳ ಹಿತವನ್ನು ಅಧಿಕಾರಿ ಸೂಕ್ಷ್ಮವಾಗಿ ಗಮನಿಸಲೇಬೇಕೆಂದಿತು. ಅದೇ ಕೋರ್ಟಿನ 2015ರ ಕಾಂತಸಾಮಿ ತೀರ್ಪು, ಕಷ್ಟವನ್ನು ಬಿಡಿಬಿಡಿಯಾಗಿ ಅಳೆಯದೆ ಎಲ್ಲ ಸಂಗತಿಗಳನ್ನೂ ಒಟ್ಟಿಗೆ ತೂಗಬೇಕೆಂದು ಹೇಳಿತು. ಹಾಗೆಂದು, ಮಗು ಇಲ್ಲಿ ಹುಟ್ಟಿತೆಂಬ ಒಂದೇ ಕಾರಣಕ್ಕೆ ಪಿಆರ್ ಸಿಗುವುದಿಲ್ಲ. ದಾವಣಗೆರೆಯಲ್ಲಿ ಶಾಲೆಯಿಲ್ಲವೇ, ಆಸ್ಪತ್ರೆಯಿಲ್ಲವೇ ಎಂದು ಅಧಿಕಾರಿ ಕೇಳಿದರೆ ಅದು ಅನ್ಯಾಯದ ಪ್ರಶ್ನೆಯೇನಲ್ಲ. ಆದ್ದರಿಂದ ಥೆರಪಿಸ್ಟರ ಪತ್ರದಲ್ಲಿ "ಚಿಕಿತ್ಸೆ ನಡೆಯುತ್ತಿದೆ" ಎಂದಷ್ಟೇ ಇದ್ದರೆ ಸಾಲದು: ಆರಂಭದಲ್ಲಿ ಎಷ್ಟು ಪದ ಆಡುತ್ತಿದ್ದಳು, ಈಗ ಎಷ್ಟು, ಯಾವ ಭಾಷೆಯಲ್ಲಿ, ನಡುವೆ ನಿಂತರೆ ಆಗುವ ನಷ್ಟವೇನು ಎಂಬುದು ಬರಬೇಕು. ತೆರಿಗೆ ನೋಟಿಸು, ಬಾಡಿಗೆ ರಸೀದಿ, ಶಾಲೆಯ ವರದಿಗಳನ್ನು ವರ್ಷವಾರು ಜೋಡಿಸಿ. ಪರ್ಮಿಟ್ ಮುಗಿದ ಮೇಲೂ ಏಕೆ ಉಳಿದಿರಿ ಎಂಬುದನ್ನು ಮುಚ್ಚಿಡದೆ ಬರೆಯಿರಿ.

ಪ್ರಶ್ನೆ: ಧನ್ಯವಾದಗಳು ಸರ್. ಜೊತೆಗೆ ನಿರಾಶ್ರಿತರೆಂದೂ ಅರ್ಜಿ ಹಾಕಿ ಎಂದು ಅದೇ ಏಜೆಂಟರು ಹೇಳಿದರು.

ಉತ್ತರ: ಊರಿನಲ್ಲಿ ನಿಮಗೆ ನಿಜವಾದ ಜೀವಭಯವಿದ್ದರೆ ಅದನ್ನು ಪ್ರತ್ಯೇಕವಾಗಿ ಮಾತನಾಡೋಣ. ಇಲ್ಲದಿದ್ದರೆ ಆ ಸಲಹೆ ನಿಮ್ಮ ಕಾಲಿಗೇ ಕೊಡಲಿ: ನಿರಾಶ್ರಿತರ ಅರ್ಜಿ ವಿಚಾರಣೆಯಲ್ಲಿರುವವರೆಗೆ ಮಾನವೀಯ ಆಧಾರದ ಅರ್ಜಿಯನ್ನು ಪರಿಶೀಲಿಸುವುದಿಲ್ಲ, ಅದು ತಿರಸ್ಕೃತವಾದರೆ ಮಾನವೀಯ ಆಧಾರದ ಅರ್ಜಿಗೆ ಸಾಮಾನ್ಯವಾಗಿ 12 ತಿಂಗಳ ತಡೆ ಬೀಳುತ್ತದೆ. ಮಕ್ಕಳ ಹಿತಕ್ಕೆ ನೇರ ಧಕ್ಕೆಯಾಗುವಾಗ ಮತ್ತು ಪ್ರಾಣಾಪಾಯದ ಕಾಯಿಲೆಯಿರುವಾಗ ವಿನಾಯಿತಿಯುಂಟಾದರೂ ಅದನ್ನೂ ಸಾಬೀತುಪಡಿಸಬೇಕಾದವರು ನೀವೇ. ಮಾನವೀಯ ಆಧಾರದ ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಯಿಲ್ಲ. ಆ ನಿರ್ಧಾರದ ನ್ಯಾಯಾಂಗ ಪರಿಶೀಲನೆಗೆ 15 ದಿನಗಳೊಳಗೆ ಫೆಡರಲ್ ಕೋರ್ಟಿನ ಅನುಮತಿ ಕೋರಬಹುದಷ್ಟೆ. ಆ ಏಜೆಂಟರ ಪರವಾನಗಿ ಸಂಖ್ಯೆಯನ್ನು ಇಂದೇ ಕೇಳಿ ನೋಡಿ.