ಮರಳು ಮಣ್ಣಲ್ಲಿ ನೀರು ಇಂಗೋ ಲೆಕ್ಕ ಕೂಡ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಉಷ್ಣವಲಯದ ಮರಳು ಹೊಲದಲ್ಲಿ ನೀರು ಇಂಗೋ ವೇಗ ಅಳೆದು ಮಾಡೆಲ್‌ಗೆ ಕೂರಿಸೋಕೆ ಹೋಗಿ ಸಿಕ್ಕಿಹಾಕ್ಕೊಂಡಿದ್ದೀನಿ. ಒಳಗೆ 30, ಹೊರಗೆ 60 ಸೆಂ.ಮೀ. ವ್ಯಾಸದ ಜೋಡಿ ಉಂಗುರ ನೆಲಕ್ಕೆ ಹೊಡೆದು, ನೀರು ತುಂಬಿ ಎರಡು ಗಂಟೆ ಅಳತೆ ತಗೊಂಡೆ.

ಒಣ ಮಣ್ಣು ಮೊದಲು ಗಟಗಟ ಕುಡಿದು ಆಮೇಲೆ ನಿಧಾನ ಆಗ್ಬೇಕಲ್ವಾ? ನನ್ನದು ಉಲ್ಟಾ. ಮೊದಲ ಹತ್ತು ನಿಮಿಷ ನೀರು ಇಳಿಯೋದೇ ಇಲ್ಲ ಅನ್ನಬಹುದು, ಆಮೇಲೆ ವೇಗ ಏರುತ್ತೆ. ನೀರು ಇಂಗೋದನ್ನ ಲೆಕ್ಕ ಹಾಕೋ ಫಿಲಿಪ್ ಅವರ 1957ರ ಸಮೀಕರಣಕ್ಕೆ ಹಾಕಿದ್ರೆ ಸಾರ್ಪ್ಟಿವಿಟಿ (ಮಣ್ಣು ನೀರನ್ನ ಹೀರ್ಕೊಳ್ಳೋ ಶಕ್ತಿ) ಮೈನಸ್ ಬರುತ್ತೆ, ಅದಕ್ಕೆ ಅರ್ಥವೇ ಇಲ್ಲ. ಕೋಸ್ಟಿಯಾಕೋವ್ ಅನ್ನೋ ಇನ್ನೊಂದು ಸಮೀಕರಣ ಹೇಗೋ ಕೂರುತ್ತೆ, ಆದ್ರೆ ಅದರಲ್ಲಿ 1ಕ್ಕಿಂತ ಕಡಿಮೆ ಇರ್ಬೇಕಾದ ಕಾಲದ ಘಾತ 1 ದಾಟುತ್ತೆ. ಹಾರ್ಟನ್ ಸಮೀಕರಣ ಅಂತೂ ವೇಗ ಇಳಿಯುತ್ತೆ ಅಂತಲೇ ಹೊರಡೋದು.

ಉಂಗುರ ಕಿತ್ತು ಬೇರೆ ಎರಡು ಕಡೆ ಹೊಡೆದೆ, ಅದೇ ಕಥೆ. ಕೊನೆಗೆ ಮಣ್ಣಿನ ಮೇಲೆ ಒಂದು ಹನಿ ಬಿಟ್ಟೆ. ಕೆಸುವಿನೆಲೆ ಮೇಲಿನ ನೀರಿನ ಥರ ಗುಂಡಗೆ ಕೂತಿತ್ತು, ಇಂಗೋಕೆ 40 ಸೆಕೆಂಡ್! 5 ದಾಟಿದ್ರೆ ನೀರನ್ನ ಒಲ್ಲದ ಮಣ್ಣು ಅಂತ ಲೆಕ್ಕ. ಎರಡು ಸೆಂ.ಮೀ. ಕೆರೆದು ಕೆಳಗೆ ಬಿಟ್ಟರೆ ತಕ್ಷಣ ಮಾಯ. ಅಂದ್ರೆ ನೀರನ್ನ ಒಲ್ಲದ್ದು ಮೇಲಿನ ಪದರ ಮಾತ್ರ.

ಈಗ ಮೊದಲ ಹತ್ತು ನಿಮಿಷದ ಅಂಕಿ ಬಿಟ್ಟು ಉಳಿದದ್ದಕ್ಕೆ ಮಾತ್ರ ಫಿಲಿಪ್ ಕೂರಿಸಿದ್ರೆ ಸರೀನಾ? ಇಲ್ಲ, ಎರಡು ಪದರ ಬೇರೆ ಮಾಡಿ ಮಣ್ಣೊಳಗೆ ನೀರು ಹರಿಯೋದನ್ನ ಲೆಕ್ಕ ಹಾಕೋ ರಿಚರ್ಡ್ಸ್ ಸಮೀಕರಣಕ್ಕೇ ಹೋಗ್ಬೇಕಾ? ಇಂಥ ಮಣ್ಣಲ್ಲಿ ಮಾಡಿದವರು ದಯವಿಟ್ಟು ಹೇಳಿ.