ಡ್ರೈವರ್ ಬರವಣಿಗೆಯ ‘ಇನಿಶಿಯಲೈಸೇಶನ್’, ‘ಕ್ಲೀನಪ್’: ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಪುಣೆಯ ಹಿಂಜವಡಿಯಲ್ಲಿ ವಾಹನಗಳ ಎಲೆಕ್ಟ್ರಾನಿಕ್ಸ್‌ಗೆ ಸಂಬಂಧಿಸಿದ ತಂತ್ರಾಂಶದ ಕೆಲಸದಲ್ಲಿರುವ ನಾನು, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಇಲ್ಲಿಗೆ ಬಂದು ಎಂಬೆಡೆಡ್ (ಯಂತ್ರಗಳ ಒಳಗೇ ಕೂರಿಸಿದ ಚಿಕ್ಕ ಕಂಪ್ಯೂಟರ್‌ಗಳ) ಕೋರ್ಸ್ ಸೇರಿರುವ ಹುಡುಗ ಹುಡುಗಿಯರಿಗಾಗಿ ಲಿನಕ್ಸ್ ಡ್ರೈವರ್ ಬರೆಯುವ ಬಗೆಯನ್ನು ಕನ್ನಡದಲ್ಲಿ ವಿವರಿಸುವ ಟಿಪ್ಪಣಿಗಳನ್ನು ಸಿದ್ಧಪಡಿಸುತ್ತಿದ್ದೇನೆ. ‘ಡ್ರೈವರ್’ (ಒಂದು ಸಾಧನವನ್ನು ನಡೆಸುವ ತಂತ್ರಾಂಶ), ‘ಕರ್ನಲ್’ (ಲಿನಕ್ಸ್‌ನ ಒಳತಿರುಳು), ‘ಇಂಟರಪ್ಟ್’ (ಸಾಧನವು ಪ್ರೊಸೆಸರ್‌ನ ಗಮನ ಸೆಳೆಯಲು ಕಳಿಸುವ ಸಂಕೇತ) ಮುಂತಾದ ಮಾತುಗಳನ್ನು ಇದ್ದಂತೆಯೇ ಬಳಸುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ಸಾಧನವನ್ನು ಕೆಲಸಕ್ಕೆ ತರುವ ‘ಇನಿಶಿಯಲೈಸೇಶನ್’, ಕೆಲಸ ಮುಗಿದಾಗ ಪಡೆದದ್ದನ್ನು ಬಿಟ್ಟುಕೊಡುವ ‘ಕ್ಲೀನಪ್’ ಎಂಬ ಎರಡು ಪದಗಳ ವಿಷಯದಲ್ಲಿ ನಿಮ್ಮೆಲ್ಲರ ಸಲಹೆ ಬೇಕಾಗಿದೆ.

‘ಪ್ರಾರಂಭೀಕರಣ’ ಎಂದೂ ‘ಸ್ವಚ್ಛಗೊಳಿಸುವಿಕೆ’ ಎಂದೂ ಬರೆದರೆ ಓದುವವರಿಗೆ ಅರ್ಥವಾದಂತೆ ಅನಿಸುತ್ತದೆ. ನನ್ನ ಆಕ್ಷೇಪ ಇರುವುದು ಅಲ್ಲಿಯೇ. ಪ್ರಾರಂಭ ಎಂದರೆ ಒಂದು ಕ್ಷಣದ ಮಾತು. ಸ್ವಚ್ಛಗೊಳಿಸುವುದು ಎಂದರೆ ಎಲ್ಲ ಮುಗಿದ ಮೇಲೆ, ಬಿಡುವಿದ್ದಾಗ, ಯಾವ ಮೂಲೆಯಿಂದ ಬೇಕಾದರೂ ಕೈಹಚ್ಚಬಹುದಾದ ಕೆಲಸ. ಡ್ರೈವರ್‌ನಲ್ಲಿ ಎರಡೂ ಹಾಗಲ್ಲ. ಎರಡರಲ್ಲಿಯೂ ಹಲವು ಹೆಜ್ಜೆಗಳಿವೆ, ಹೆಜ್ಜೆಗಳಿಗೆ ಹಿಂದುಮುಂದಿನ ಕಟ್ಟುಪಾಡಿದೆ, ಅದು ತಪ್ಪಿದರೆ ಒಂದು ಪ್ರೋಗ್ರಾಂ ಮಾತ್ರವಲ್ಲ, ಇಡೀ ಯಂತ್ರವೇ ನಿಂತುಹೋಗಬಹುದು.

ಒಂದು ಚಿಕ್ಕ ಸಾಧನವನ್ನೇ ತೆಗೆದುಕೊಳ್ಳೋಣ. ಅದು ಕಂಡುಬಂದಾಗ ಕರ್ನಲ್ ಆ ಡ್ರೈವರ್‌ನ ‘ಪ್ರೋಬ್’ ಎಂಬ ಫಂಕ್ಷನ್ನನ್ನು ಕರೆಯುತ್ತದೆ. ಡ್ರೈವರ್ ತನಗೆ ಬೇಕಾದ ಮೆಮೊರಿ ಪಡೆಯುತ್ತದೆ, ಲಾಕ್‌ಗಳನ್ನು (ಒಂದೇ ದತ್ತಾಂಶವನ್ನು ಇಬ್ಬರು ಒಮ್ಮೆಗೇ ಮುಟ್ಟದಂತೆ ತಡೆಯುವ ಬೀಗಗಳನ್ನು) ಸಿದ್ಧಮಾಡುತ್ತದೆ, ಸಾಧನದ ರಿಜಿಸ್ಟರ್‌ಗಳನ್ನು (ಅದರೊಳಗಿನ ನಿಯಂತ್ರಣದ ಖಾನೆಗಳನ್ನು) ತನ್ನ ಕೈಗೆ ಸಿಗುವಂತೆ ಮ್ಯಾಪ್ ಮಾಡಿಕೊಳ್ಳುತ್ತದೆ, ಸಾಧನಕ್ಕೆ ಮಿಡಿತ ಕೊಡುವ ಕ್ಲಾಕ್ ಚಾಲೂ ಮಾಡುತ್ತದೆ, ಬಳಿಕ ಇಂಟರಪ್ಟ್ ಬಂದಾಗ ಓಡಬೇಕಾದ ಫಂಕ್ಷನ್ನನ್ನು, ಅಂದರೆ ಇಂಟರಪ್ಟ್ ಹ್ಯಾಂಡ್ಲರನ್ನು ಕರ್ನಲ್‌ಗೆ ಒಪ್ಪಿಸುತ್ತದೆ, ಕೊನೆಗೆ ಬಳಕೆದಾರರ ಪ್ರೋಗ್ರಾಂಗಳಿಗೆ ಕಾಣುವಂತೆ ಸಾಧನವನ್ನು ನೋಂದಾಯಿಸುತ್ತದೆ. ಇವುಗಳಲ್ಲಿ ಮೊದಲಿನವು ಒಂದು ಬಗೆಯವು, ಕೊನೆಯ ಎರಡು ಬೇರೆಯೇ ಬಗೆಯವು. ಮೆಮೊರಿ, ಲಾಕ್, ಕ್ಲಾಕ್‌ಗಳು ಡ್ರೈವರ್‌ನ ಒಳಗಿನ ಸಿದ್ಧತೆ. ಅವನ್ನು ಹೊರಗಿನವರು ಯಾರೂ ಇನ್ನೂ ಮುಟ್ಟಲಾರರು. ಆದರೆ ಹ್ಯಾಂಡ್ಲರನ್ನು ಒಪ್ಪಿಸಲು ‘ರಿಕ್ವೆಸ್ಟ್ ಐಆರ್‌ಕ್ಯೂ’ ಎಂದು ಕರೆದಾಗ, ಆ ಕರೆ ಮುಗಿದು ಮರಳುವ ಮೊದಲೇ ಹ್ಯಾಂಡ್ಲರ್ ಓಡಬಹುದು. ಬೂಟ್‌ಲೋಡರ್ (ಕರ್ನಲ್‌ಗಿಂತ ಮೊದಲು ಓಡಿ ಅದನ್ನು ಎಬ್ಬಿಸುವ ಪ್ರೋಗ್ರಾಂ) ಆ ಸಾಧನವನ್ನು ಬಳಸಿ ಹಾಗೆಯೇ ಬಿಟ್ಟುಹೋಗಿದ್ದರೆ ಬಾಕಿ ಉಳಿದ ಇಂಟರಪ್ಟ್ ಒಂದು ಅದಕ್ಕಾಗಿಯೇ ಕಾದಿರುತ್ತದೆ. ಹ್ಯಾಂಡ್ಲರ್ ಹಿಡಿಯಬೇಕಾದ ಲಾಕ್ ಆಗ ಸಿದ್ಧವಾಗಿರದಿದ್ದರೆ ಗತಿಯೇನು? ಸಾಧನವನ್ನು ನೋಂದಾಯಿಸುವ ‘ಸಿಡೆವ್ ಆ್ಯಡ್’ ಕೂಡ ಹಾಗೆಯೇ: ಆ ಕರೆ ಫಲಿಸಿದ ಗಳಿಗೆಯಿಂದ ಸಾಧನ ಜೀವಂತ, ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ತೆರೆಯಬಹುದು. ಆದ್ದರಿಂದ ಅದು ಕೊನೆಯ ಹೆಜ್ಜೆಯೇ ಆಗಿರಬೇಕು.

ಇದರಿಂದಾಗಿ ‘ಇನಿಶಿಯಲೈಸೇಶನ್’ ಎಂಬ ಒಂದು ಮಾತಿಗೆ ಕನ್ನಡದಲ್ಲಿ ಎರಡು ಕ್ರಿಯಾಪದಗಳು ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಳಗಿನ ಸಿದ್ಧತೆಗೆ ‘ಸಜ್ಜುಗೊಳಿಸು’ ಸಾಕು. ‘ಅಣಿಗೊಳಿಸು’ ಎಂದರೂ ನಡೆಯುತ್ತದೆ. ಹೊರಗಿನ ಕರೆಗಳಿಗೆ ಎಡೆಕೊಡುವ ಹೆಜ್ಜೆಗೆ ‘ನೋಂದಣಿ’ ಎನ್ನುವ ರೂಢಿಯಿದೆ. ಆದರೆ ನೋಂದಣಿ ಎಂದೊಡನೆ ಕಚೇರಿಯ ದಾಖಲೆಪುಸ್ತಕ ಕಣ್ಣಮುಂದೆ ಬರುತ್ತದೆ. ಹೆಸರು ಬರೆಸಿ ಬಂದರೆ ಮುಂದಿನ ಕೆಲಸ ಯಾವಾಗಲೋ ಆಗುತ್ತದೆ ಎಂಬ ನಿರಾಳ ಭಾವವನ್ನು ಅದು ಹುಟ್ಟಿಸುತ್ತದೆ. ಇಲ್ಲಿ ಆ ನಿರಾಳವೇ ಅಪಾಯ. ‘ತೆರೆ’ ಎನ್ನೋಣವೆಂದರೆ ಅದನ್ನು ಫೈಲ್ ತೆರೆಯುವುದಕ್ಕೆ ಆಗಲೇ ಬಳಸಿದ್ದೇವೆ. ಬಿಸಿಲಿಗೆ ಒಡ್ಡು, ಪರೀಕ್ಷೆಗೆ ಒಡ್ಡು ಎನ್ನುವಲ್ಲಿನ ‘ಒಡ್ಡು’ ನನಗೆ ಹೆಚ್ಚು ಹಿಡಿಸಿದೆ: ‘ಸಾಧನವನ್ನು ಪೂರ್ತಿ ಸಜ್ಜುಗೊಳಿಸಿದ ಮೇಲೆಯೇ ಹೊರಗಿನ ಕರೆಗಳಿಗೆ ಒಡ್ಡಬೇಕು’ ಎಂದು ಬರೆದರೆ ಕ್ರಮವೂ ಎಚ್ಚರಿಕೆಯೂ ವಾಕ್ಯದಲ್ಲಿಯೇ ಬಂದುಬಿಡುತ್ತವೆ.

ಇನ್ನು ‘ಕ್ಲೀನಪ್’. ಪ್ರೋಬ್‌ನ ನಡುವೆ ಯಾವುದೋ ಹೆಜ್ಜೆ ವಿಫಲವಾದರೆ ಅಲ್ಲಿಯವರೆಗೆ ಪಡೆದದ್ದನ್ನೆಲ್ಲ ಪಡೆದ ಕ್ರಮಕ್ಕೆ ತಿರುಗುಮುರುಗಾಗಿ ಹಿಂದಕ್ಕೆ ಕೊಡಬೇಕು. ಸಿ ಭಾಷೆಯಲ್ಲಿ ‘ಗೋಟು’ (ಬೇರೆ ಸಾಲಿಗೆ ನೆಗೆಯುವ ಆಜ್ಞೆ) ಬಳಸಬಾರದೆಂದು ಕಾಲೇಜಿನಲ್ಲಿ ಕಲಿತು ಬಂದವರಿಗೆ ಅಚ್ಚರಿಯಾಗಬಹುದು, ಕರ್ನಲ್‌ನಲ್ಲಿ ಈ ಕೆಲಸಕ್ಕೆ ಅದೇ ಒಪ್ಪಿತ ರೀತಿ: ಫಂಕ್ಷನ್ನಿನ ತುದಿಯಲ್ಲಿ ಲೇಬಲ್‌ಗಳ (ನೆಗೆಯಬೇಕಾದ ಜಾಗದ ಗುರುತುಗಳ) ಸಾಲು, ತಪ್ಪಿದ ಹೆಜ್ಜೆಗೆ ಹೊಂದುವ ಲೇಬಲ್‌ಗೆ ನೆಗೆದು ಅಲ್ಲಿಂದ ಕೆಳಗಿನದೆಲ್ಲವನ್ನೂ ನಡೆಸುವುದು. ಪ್ರತಿ ಡಿಸೆಂಬರ್ ಇಲ್ಲಿನ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ತಪ್ಪದೆ ಹೋಗುವ ಧಾರವಾಡದ ಸಹೋದ್ಯೋಗಿಯೊಬ್ಬರು ಇದಕ್ಕೆ ‘ಅವರೋಹ’ ಎಂಬ ಪದ ಸೂಚಿಸಿದರು. ಸೊಗಸಾದ ಸೂಚನೆ. ಆದರೆ ರಾಗದ ಅವರೋಹ ಆರೋಹದ ತದ್ವಿರುದ್ಧವೇ ಆಗಿರಬೇಕೆಂದಿಲ್ಲ. ಭೀಮಪಲಾಸಿಯನ್ನೇ ನೋಡಿ, ಏರುವಾಗ ಬಿಟ್ಟ ರಿಷಭ ಧೈವತಗಳು ಇಳಿಯುವಾಗ ಬರುತ್ತವೆ. ಡ್ರೈವರ್‌ನಲ್ಲಿ ಏರುವಾಗ ಪಡೆಯದಿದ್ದನ್ನು ಇಳಿಯುವಾಗ ಮರಳಿಸುವುದು ಅಪಘಾತವೇ ಸರಿ. ಆದ್ದರಿಂದ ಆ ಪದವನ್ನು ಗೌರವದಿಂದಲೇ ಬದಿಗಿಟ್ಟೆ.

ಇಲ್ಲಿನ ಮರಾಠಿ ಗೆಳೆಯರ ಬಾಯಲ್ಲಿ ‘ಆವರಾಆವರ್’ ಎಂಬ ಒಳ್ಳೆಯ ಮಾತಿದೆ. ಹರಡಿದ್ದನ್ನೆಲ್ಲ ಎತ್ತಿಟ್ಟು ಕೆಲಸ ಮುಗಿಸುವುದು ಎಂದು ಅದರ ಅರ್ಥ. ಒರೆಸಿ ತೊಳೆಯುವ ಭಾವ ಅದರಲ್ಲಿ ಮುಖ್ಯವಲ್ಲ. ಕನ್ನಡಕ್ಕೆ ಅದನ್ನು ತರಲು ಹೋದರೆ ನಮ್ಮ ‘ಆವರಿಸು’ ಅಡ್ಡಬಂದು ಸುತ್ತುವರಿ ಎಂಬ ಅರ್ಥ ಕೊಡುತ್ತದೆ. ಪುಣೆಯಲ್ಲಿ ‘ವಿಸರ್ಜನೆ’ ಎಂದರೆ ಏನು ನೆನಪಾಗುತ್ತದೆ ಎಂದು ಹೇಳಬೇಕಾಗಿಲ್ಲ. ‘ತೆರವು’ ಎಂದರೆ ಅತಿಕ್ರಮಣದ ತೆರವು, ‘ಬಿಡುಗಡೆ’ ಎಂದರೆ ತಂತ್ರಾಂಶದ ಹೊಸ ಆವೃತ್ತಿ. ಉಳಿದವುಗಳಲ್ಲಿ ‘ಕಳಚು’ ಮತ್ತು ‘ಮರಳಿಸು’ ನನಗೆ ಒಪ್ಪಿಗೆಯಾಗಿವೆ, ಆದರೆ ಒಂದರ ಬದಲು ಇನ್ನೊಂದಾಗಿ ಅಲ್ಲ.

ಏಕೆಂದರೆ ಈ ಕಡೆಯಲ್ಲಿಯೂ ಎರಡು ಕೆಲಸಗಳಿವೆ. ಬಳಕೆದಾರರ ಪ್ರೋಗ್ರಾಂ ಒಂದು ಯುಎಸ್‌ಬಿ ಸಾಧನವನ್ನು ತೆರೆದುಕೊಂಡಿರುವಾಗಲೇ ಯಾರೋ ಅದನ್ನು ಕಿತ್ತುಬಿಡುತ್ತಾರೆ. ಕರ್ನಲ್ ಡ್ರೈವರ್‌ನ ಬೇರ್ಪಡಿಸುವ ಫಂಕ್ಷನ್ನನ್ನು ಕರೆಯುತ್ತದೆ. ‘ನನ್ನಿಂದ ಈಗ ಆಗದು’ ಎನ್ನುವ ಹಕ್ಕು ಆ ಫಂಕ್ಷನ್ನಿಗೆ ಇಲ್ಲ. ಸಾಧನ ಕಳಚಲೇಬೇಕು. ಆದರೆ ಪ್ರೋಗ್ರಾಂನ ಕೈಯಲ್ಲಿ ಫೈಲ್ ಇನ್ನೂ ತೆರೆದೇ ಇದೆ, ಅದರ ಮುಂದಿನ ಓದುವ ಕರೆ ಡ್ರೈವರ್‌ನ ಮೆಮೊರಿಯನ್ನೇ ನೋಡುತ್ತದೆ. ಆ ಮೆಮೊರಿಯನ್ನು ಈಗಲೇ ಮರಳಿಸಿದರೆ ಬೇರೆಯವರಿಗೆ ಹೋದ ಜಾಗವನ್ನು ಓದಿದಂತಾಗುತ್ತದೆ. ಹೀಗಾಗಿ ಡ್ರೈವರ್ ಸಾಧನವನ್ನು ಕಳಚಿ, ಮೆಮೊರಿಯನ್ನು ಮಾತ್ರ ಬಳಸುತ್ತಿರುವವರ ಎಣಿಕೆಯ ಮೇಲೆ ಉಳಿಸಿಕೊಂಡು, ಕೊನೆಯ ಬಳಕೆದಾರ ಫೈಲ್ ಮುಚ್ಚಿದಾಗ ಮರಳಿಸುತ್ತದೆ. ಕಳಚುವುದೂ ಮರಳಿಸುವುದೂ ನಡುವೆ ಗಂಟೆಗಟ್ಟಲೆ ಅಂತರವಿರಬಹುದಾದ ಎರಡು ಘಟನೆಗಳು. ‘ಕ್ಲೀನಪ್’ ಎಂಬ ಒಂದೇ ಮಾತು ಇವನ್ನು ಮರೆಮಾಡುತ್ತದೆ.

ಸ್ವಯಂಚಾಲಿತವಾಗಿ ಮರಳಿಸುವ ವ್ಯವಸ್ಥೆಯಲ್ಲಿಯೂ ಈ ಎಚ್ಚರ ಬೇಕು. 2007ರಲ್ಲಿ ಬಂದ 2.6.21ನೇ ಕರ್ನಲ್‌ನಿಂದ ‘ಡೆವ್‌ಎಮ್’ ಎಂದು ಆರಂಭವಾಗುವ ಕರೆಗಳಿವೆ. ಅವುಗಳಿಂದ ಪಡೆದದ್ದನ್ನು ಕರ್ನಲ್ ತಾನೇ, ತಿರುಗುಮುರುಗು ಕ್ರಮದಲ್ಲಿ ಮರಳಿಸುತ್ತದೆ, ಅದೂ ಸಾಧನವನ್ನು ಬೇರ್ಪಡಿಸುವಾಗ ಓಡುವ ‘ರಿಮೂವ್’ ಫಂಕ್ಷನ್ ಮುಗಿದ ಮೇಲೆ. ವಿದ್ಯಾರ್ಥಿಗಳ ಕೋಡ್‌ನಲ್ಲಿ ಮತ್ತೆ ಮತ್ತೆ ಕಾಣುವ ದೋಷ ಇಲ್ಲಿಯೇ ಹುಟ್ಟುತ್ತದೆ. ಇಂಟರಪ್ಟ್‌ಅನ್ನು ಡೆವ್‌ಎಮ್ ಕರೆಯಿಂದ ಪಡೆದಿರುತ್ತಾರೆ, ಕ್ಲಾಕನ್ನು ಮಾತ್ರ ರಿಮೂವ್‌ನಲ್ಲಿ ಕೈಯಾರೆ ಆರಿಸುತ್ತಾರೆ. ಕ್ಲಾಕ್ ಆರಿದ ಮೇಲೂ ಹ್ಯಾಂಡ್ಲರ್ ಸ್ವಲ್ಪ ಹೊತ್ತು ಜೀವಂತವಾಗಿರುತ್ತದೆ. ಆ ಸಂದಿನಲ್ಲಿ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಕ್ಲಾಕ್ ಇಲ್ಲದ ಸಾಧನದ ರಿಜಿಸ್ಟರ್ ಓದಲು ಹೋಗುತ್ತದೆ, ಮತ್ತು ಹಲವು ಚಿಪ್‌ಗಳಲ್ಲಿ ಇಡೀ ಯಂತ್ರ ಅಲ್ಲಿಯೇ ಸಿಲುಕಿಕೊಳ್ಳುತ್ತದೆ. ಕ್ಲಾಕ್ ಆರಿಸುವುದನ್ನೂ ಅದೇ ಸಾಲಿಗೆ ಸೇರಿಸುವುದು ಇದಕ್ಕೆ ಪರಿಹಾರ. ‘ಸ್ವಚ್ಛಗೊಳಿಸುವಿಕೆ’ ಎಂಬ ಪದ ಓದಿ ಬೆಳೆದವರಿಗೆ ಈ ದೋಷ ಕಾಣುವುದಿಲ್ಲ, ಏಕೆಂದರೆ ಎರಡೂ ವಸ್ತುಗಳು ಕೊನೆಗೆ ‘ಸ್ವಚ್ಛ’ವಾಗಿಯೇ ಇರುತ್ತವೆ.

‘ಒಡ್ಡು’ವಿಗೆ ಎದುರಾಗಿ ‘ಹಿಂದೆಗೆ’ ಎಂಬುದನ್ನು ಬಳಸಿದ್ದೇನೆ: ಮೊದಲು ಹೊರಗಿನ ಕರೆಗಳಿಂದ ಸಾಧನವನ್ನು ಹಿಂದೆಗೆಯಬೇಕು, ಆಮೇಲೆ ಉಳಿದದ್ದು. ಇಲ್ಲಿಯವರೆಗೆ ತೊಡಕಿಲ್ಲ. ತೊಡಕಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಹಿಂದೆಗೆದ ಮೇಲೂ, ಅದಕ್ಕೆ ಮೊದಲೇ ಒಳಹೊಕ್ಕ ಹ್ಯಾಂಡ್ಲರ್ ಇನ್ನೊಂದು ಪ್ರೊಸೆಸರ್ ಮೇಲೆ ಓಡುತ್ತಿರಬಹುದು, ಅದು ಮುಂದಕ್ಕೆಂದು ಸರದಿಯಲ್ಲಿಟ್ಟ ಕೆಲಸ ಬಾಕಿಯಿರಬಹುದು. ಹ್ಯಾಂಡ್ಲರನ್ನು ಹಿಂದಕ್ಕೆ ಪಡೆಯುವ ‘ಫ್ರೀ ಐಆರ್‌ಕ್ಯೂ’ ಕರೆ, ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ತಾನೇ ಕಾಯುತ್ತದೆ. ಸರದಿಯ ಕೆಲಸಕ್ಕೆ ಎರಡು ದಾರಿಗಳಿವೆ: ‘ಫ್ಲಶ್ ವರ್ಕ್’ ಬಾಕಿ ಕೆಲಸ ನಡೆದು ಮುಗಿಯುವವರೆಗೆ ಕಾಯುತ್ತದೆ, ‘ಕ್ಯಾನ್ಸಲ್ ವರ್ಕ್ ಸಿಂಕ್’ ಇನ್ನೂ ಆರಂಭವಾಗದ ಕೆಲಸವನ್ನು ಸರದಿಯಿಂದ ತೆಗೆದುಹಾಕಿ, ಆರಂಭವಾಗಿದ್ದರೆ ಅದು ಮುಗಿಯುವವರೆಗೆ ಕಾಯುತ್ತದೆ.

ಈ ಎರಡಕ್ಕೂ ಬೇರೆ ಬೇರೆ ಕ್ರಿಯಾಪದಗಳು ಬೇಕಾಗಿವೆ. ‘ಬಸಿ’ ಎಂಬುದನ್ನು ಯೋಚಿಸಿದೆ; ಆದರೆ ಗಂಜಿ ಬಸಿಯುವಾಗ ನೀರು ಹೊರಹೋಗುತ್ತದೆ, ಫ್ಲಶ್‌ನಲ್ಲಿ ಕೆಲಸ ನಡೆದು ಮುಗಿಯುತ್ತದೆ. ‘ಸ್ತಬ್ಧಗೊಳಿಸು’ ಎಂದರೆ ನಡುವೆಯೇ ತಡೆದು ನಿಲ್ಲಿಸಿದಂತೆ ಕೇಳುತ್ತದೆ. ಹಿಡಿದ ಕೆಲಸ ಮುಗಿಯಗೊಟ್ಟು, ಹೊಸದನ್ನು ಹಿಡಿಯಗೊಡದೆ ಕಾಯುವುದಕ್ಕೆ ನೇಕಾರರಲ್ಲಾಗಲಿ, ಗಿರಣಿಗಳಲ್ಲಾಗಲಿ, ಒಕ್ಕಲುತನದಲ್ಲಾಗಲಿ ಒಂದೇ ಮಾತಿನ ಕ್ರಿಯಾಪದವಿದೆಯೇ? ಇದ್ದರೆ ಅದು ಯಾವ ಸೀಮೆಯ ಬಳಕೆ ಎಂಬುದನ್ನೂ, ವಾಕ್ಯದಲ್ಲಿ ಹೇಗೆ ಬರುತ್ತದೆ ಎಂಬುದನ್ನೂ ದಯವಿಟ್ಟು ತಿಳಿಸಿ. ‘ಒಡ್ಡು–ಹಿಂದೆಗೆ’ ಜೋಡಿಯ ಬಗ್ಗೆ ಆಕ್ಷೇಪವಿರುವವರು ಅದನ್ನೂ ಬಿಚ್ಚಿ ಬರೆಯಬೇಕೆಂದು ಕೋರುತ್ತೇನೆ.